ಎಳ್ಳುಬೆಲ್ಲದ ಡಬ್ಬಿಯಿಂದ ವ್ಯಾಲೆಂಟೈನ್ ಪಾರ್ಟಿಗೆ: ಮಕ್ಕಳ ಅಲರ್ಜಿ ತಜ್ಞರ ಉತ್ತರ

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರ ಪ್ರಶ್ನೆಗಳಿಗೂ ಒಂದು ಸೀಸನ್ ಇದೆ. ಸಂಕ್ರಾಂತಿ ಮುಗಿಯುತ್ತಿದ್ದಂತೆ ಶುರುವಾಗುತ್ತವೆ, ಶಾಲೆಯಲ್ಲಿ ಮಕ್ಕಳು ಒಬ್ಬರಿಗೊಬ್ಬರು ಕಾರ್ಡ್, ತಿಂಡಿ ಹಂಚುವ ವ್ಯಾಲೆಂಟೈನ್ ಪಾರ್ಟಿಯ ಹಿಂದಿನ ದಿನ, ಅಂದರೆ ಫೆಬ್ರವರಿ 13ರ ರಾತ್ರಿವರೆಗೂ ಬರುತ್ತಲೇ ಇರುತ್ತವೆ. ಎಲ್ಲವೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಹಾಗಾಗಿ ಈ ಸಲ ಒಂದಕ್ಕೆ ಉದ್ದ ಉತ್ತರ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ. ವ್ಯಾಲೆಂಟೈನ್ ಪಾರ್ಟಿಗೆ ಕ್ಲಾಸಿನ ಎಲ್ಲ ಮಕ್ಕಳಿಗೂ ಹಾರ್ಟ್ ಆಕಾರದ ಸಕ್ಕರೆ ಅಚ್ಚು, ಕೊಬ್ಬರಿ ಮಿಠಾಯಿ ಮಾಡಿ ಕಳಿಸೋಣ ಅಂತಿದ್ದೇನೆ. ಬೀಟ್‌ರೂಟ್ ರಸದ ಬಣ್ಣ, ಕೆಮಿಕಲ್ ಇಲ್ಲ, ನಟ್ಸ್ ಹಾಕಲ್ಲ. ಟೀಚರ್ ಮಾತ್ರ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಆದರೆ ಮಾತ್ರ ತನ್ನಿ ಅಂದರು. ಅಂಗಡಿ ಕ್ಯಾಂಡಿಗಿಂತ ಮನೆಯದೇ ಶುದ್ಧ ಅಲ್ವಾ ಡಾಕ್ಟ್ರೇ? ನಮ್ಮ ಅಡುಗೆ ಮೇಲೆ ಇವರಿಗೆ ಅನುಮಾನವಾ? (ಟೆಕ್ಸಸ್‌ನಿಂದ ಒಬ್ಬ ತಾಯಿ)

ಅನುಮಾನ ನಿಮ್ಮ ಅಡುಗೆ ಮೇಲಲ್ಲ. ಪಕ್ಕದ ಮನೆಯ ಅಮೆರಿಕನ್ ಅಮ್ಮ ಮಾಡಿದ ಕಪ್‌ಕೇಕನ್ನೂ ಅದೇ ಟೀಚರ್ ವಾಪಸ್ ಕಳಿಸುತ್ತಾರೆ. ಶುದ್ಧವೋ ಅಲ್ಲವೋ ಅನ್ನುವುದು ಇಲ್ಲಿ ವಿಷಯವೇ ಅಲ್ಲ. ಅದರೊಳಗೆ ಏನಿದೆ ಅಂತ ನೀವಿಲ್ಲದಾಗ ಬೇರೆಯವರಿಗೆ ಗೊತ್ತಾಗುತ್ತದಾ? ಅಷ್ಟೇ ಪ್ರಶ್ನೆ.

ನಟ್ಸ್ ಹಾಕಲ್ಲ ಅಂದಿರಿ. ಸರಿ, ಕೊಬ್ಬರಿಯನ್ನು ಯಾವ ಜಾರಿನಲ್ಲಿ ಪುಡಿ ಮಾಡುತ್ತೀರಿ? ಶೇಂಗಾ ಚಟ್ನಿಪುಡಿ ಮಾಡುವ ಅದೇ ಡ್ರೈ ಜಾರ್. ಅದರ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಏನು ಕೂತಿರುತ್ತದೆ ಅಂತ ಎಷ್ಟು ತೊಳೆದರೂ ಹೇಳಲಾಗುವುದಿಲ್ಲ. ಮಿಠಾಯಿ ಕೆದಕುವ ಬಾಣಲೆಯಲ್ಲೇ ಪಾಯಸಕ್ಕೆ ಗೋಡಂಬಿ ಹುರಿದಿರುತ್ತೀರಿ. ತಟ್ಟೆಗೆ ಸವರುವ ತುಪ್ಪದ ಡಬ್ಬಿಗೆ ಇಳಿಯುವ ಚಮಚ ಎಲ್ಲೆಲ್ಲಿ ಓಡಾಡಿ ಬಂದಿರುತ್ತದೋ. ಕೊನೆಗೆ ಎಲ್ಲವನ್ನೂ ತುಂಬುವುದು ಹೋದ ತಿಂಗಳು ಎಳ್ಳುಬೆಲ್ಲ ಇದ್ದ ಡಬ್ಬಿಗೆ. ಎಳ್ಳುಬೆಲ್ಲದಲ್ಲಿ ಎಳ್ಳೂ ಇದೆ, ಕಡಲೆಕಾಯಿಯೂ ಇದೆ. ಅಮೆರಿಕದ ಕಾನೂನು ಹೆಸರಿಸಿರುವ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳಲ್ಲಿ ಎರಡು!

ಆ ಒಂಬತ್ತು ಯಾವುವು ಅಂದರೆ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಗೋಡಂಬಿ-ಬಾದಾಮಿ-ಅಕ್ರೋಟು ಥರದ ನಟ್ಸ್, ಕಡಲೆಕಾಯಿ, ಗೋಧಿ, ಸೋಯಾ, ಎಳ್ಳು. ಮೊದಲ ಎಂಟಕ್ಕೆ 2004ರಲ್ಲಿ ಕಾನೂನು ಬಂತು, 2006ರಿಂದ ಜಾರಿ. ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ಹಾಲು ಮೊದಲನೆಯದು, ನೋಡಿದಿರಾ? ಸಕ್ಕರೆ ಅಚ್ಚಿನಲ್ಲಿ ಬರೀ ಸಕ್ಕರೆ ಅಂತ ನೀವಂದುಕೊಂಡಿದ್ದೀರಿ. ಪಾಕದ ಕೊಳೆ ತೆಗೆಯಲು ಹಾಲು ಹಾಕುತ್ತೀರಲ್ಲ, ಅದು? ಸೋಸಿದ ಮೇಲೂ ಸ್ವಲ್ಪ ಉಳಿದೇ ಇರುತ್ತದೆ. ತುಪ್ಪದಲ್ಲಿ ಹಾಲಿನ ಅಂಶ ಇಲ್ಲ ಅನ್ನುವವರೂ ಇದ್ದಾರೆ. ಹಾಲಿನ ಅಲರ್ಜಿ ಇರುವ ಮಗುವಿಗೆ ನಾನು ತುಪ್ಪ ಮುಟ್ಟಿಸುವುದಿಲ್ಲ.

ಚೂರು ತಾಗಿದರೆ ಏನಾಗುತ್ತೆ ಅಂತ ಕೇಳುವವರಿಗೆ ಒಂದು ಲೆಕ್ಕ. ಒಂದು ಕಡಲೆಬೀಜದಲ್ಲಿ ಸುಮಾರು 250ರಿಂದ 300 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಕೆಲವು ಮಕ್ಕಳಿಗೆ ಬೆರಳೆಣಿಕೆಯಷ್ಟು ಮಿಲಿಗ್ರಾಂ ಸಾಕು, ಮೈಯೆಲ್ಲ ದದ್ದು ಏಳಲು, ಗಂಟಲು ಕಟ್ಟಲು. ಇಲ್ಲಿ ಸರಾಸರಿ 13 ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೂ ಆಹಾರದ ಅಲರ್ಜಿ ಇದೆ. ಇಪ್ಪತ್ತನಾಲ್ಕು ಮಕ್ಕಳ ಕ್ಲಾಸು ಅಂದರೆ ಹೆಚ್ಚುಕಮ್ಮಿ ಇಬ್ಬರು. ಅವರು ಯಾರು ಅಂತ ಟೀಚರ್ ನಿಮಗೆ ಹೇಳುವುದಿಲ್ಲ, ಹೇಳಲೂಬಾರದು.

"ಏನೇನು ಹಾಕಿದ್ದೇನೆ ಅಂತ ಚೀಟಿ ಬರೆದು ಅಂಟಿಸಿದರೆ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಚೀಟಿಯಲ್ಲಿ ಹಾಕಿದ್ದು ಇರುತ್ತದೆ, ತಾಗಿದ್ದು ಇರುವುದಿಲ್ಲ. ಹಾಗಂತ ಅಂಗಡಿ ಪ್ಯಾಕೆಟ್ ದೇವರ ಪ್ರಸಾದವಲ್ಲ. "ಇದರಲ್ಲಿ ಕಡಲೆಕಾಯಿ ಅಂಶ ಇರಬಹುದು" ಅನ್ನುವ ಎಚ್ಚರಿಕೆ ಕಡ್ಡಾಯವಲ್ಲ, ಕಂಪನಿ ಇಷ್ಟಪಟ್ಟರೆ ಹಾಕುತ್ತದೆ. ಎಳ್ಳಿನ ಕಾನೂನು ಬಂದಾಗ ಕೆಲವು ಬ್ರೆಡ್ ಕಂಪನಿಗಳು ಏನು ಮಾಡಿದವು ಗೊತ್ತಾ? ಯಂತ್ರ ತೊಳೆದು ಎಳ್ಳು ದೂರ ಇಡುವುದು ಕಷ್ಟ ಅಂತ, ಬೇಕಂತಲೇ ಎಳ್ಳಿನ ಹಿಟ್ಟು ಸೇರಿಸಿ ಲೇಬಲ್ ಮೇಲೆ ಎಳ್ಳು ಇದೆ ಅಂತ ಬರೆದವು. ಆದ್ದರಿಂದ ಹೋದ ವರ್ಷ ತಂದದ್ದೇ ಪ್ಯಾಕೆಟ್ ಆದರೂ ಈ ವರ್ಷ ಲೇಬಲ್ ಮತ್ತೆ ಓದಿ. ಆ ಪ್ಯಾಕೆಟ್ ಚೆನ್ನಾಗಿದೆ ಅಂತ ಯಾರೂ ಹೇಳುತ್ತಿಲ್ಲ. ಓದಲು ಬರುತ್ತದೆ ಅಷ್ಟೇ. ಆ ಮಗುವಿನ ಅಮ್ಮ ಓದುತ್ತಾಳೆ, ಸ್ಕೂಲ್ ನರ್ಸ್ ಓದುತ್ತಾರೆ, ಎಂಟು ವರ್ಷದ ಮಗು ತಾನೇ ಓದಿಕೊಳ್ಳುತ್ತದೆ. ಓದಿದ ಮೇಲೂ ಬೇಡ ಅಂದರೆ ಬೇಡ. ಬಲವಂತ ಮಾಡಬೇಡಿ. ಪ್ಯಾಕೆಟ್ ಬಿಚ್ಚಿ ಚಂದದ ಕವರಿಗೆ ಹಾಕಬೇಡಿ. ಬಿಚ್ಚಿದರೆ ಲೇಬಲ್ಲೂ ಹೋಯಿತು, ತಂದ ಉದ್ದೇಶವೂ ಹೋಯಿತು.

ಎಲ್ಲ ಶಾಲೆಯಲ್ಲೂ ಒಂದೇ ನಿಯಮ ಇಲ್ಲ. ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ, ಕೆಲವು ಕಡೆ ಕ್ಲಾಸಿನಿಂದ ಕ್ಲಾಸಿಗೆ ಬದಲಾಗುತ್ತದೆ. ಸರ್ಕಾರಿ ಊಟದ ಯೋಜನೆಯಲ್ಲಿರುವ ಶಾಲೆಗಳು ಪಾರ್ಟಿ ತಿಂಡಿಗೂ ಸೇರಿ ಒಂದು ವೆಲ್‌ನೆಸ್ ಪಾಲಿಸಿ (ಮಕ್ಕಳ ಆರೋಗ್ಯ, ಆಹಾರದ ನಿಯಮಾವಳಿ) ಬರೆದಿಟ್ಟಿರಬೇಕು ಅಂತ 2016ರ ನಿಯಮವೇ ಇದೆ. ವಾಟ್ಸಾಪ್ ಗುಂಪಿನಲ್ಲಿ ಕೇಳುವ ಬದಲು ಅದನ್ನು ಕೇಳಿ ಓದಿ. ಕೆಲವು ಶಾಲೆಗಳು ಮನೆ ತಿಂಡಿ ಒಪ್ಪುತ್ತವೆ. ಒಪ್ಪಿದರೂ ನಾನು ಕಳಿಸುವುದಿಲ್ಲ. ನನ್ನದು ಅತಿ ಅನ್ನಿಸಬಹುದು. ಇರಲಿ.

ನಿಮ್ಮ ಕೈಯಲ್ಲೇ ಏನಾದರೂ ಮಾಡಬೇಕು ಅಂತ ಆಸೆ ಇದ್ದರೆ ತಿನ್ನುವುದನ್ನು ಬಿಟ್ಟು ಬೇರೆ ಮಾಡಿ. ಮುರಿದ ಕ್ರೇಯಾನ್‌ಗಳ ಕಾಗದ ಸುಲಿದು, ಹಾರ್ಟ್ ಆಕಾರದ ಸಿಲಿಕಾನ್ ಅಚ್ಚಿಗೆ ತುಂಬಿ, ಓವನ್ನಿನಲ್ಲಿ 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದು ನಿಮಿಷ ಇಟ್ಟರೆ ಕರಗುತ್ತದೆ. ಪೂರ್ತಿ ಆರಿದ ಮೇಲೆ ತೆಗೆದು ಕಾರ್ಡಿಗೆ ಅಂಟಿಸಿ. ಸಕ್ಕರೆ ಅಚ್ಚಿನ ಮರದ ಅಚ್ಚು ಮಾತ್ರ ಬಳಸಬೇಡಿ, ಅದು ಮುಂದಿನ ಸಂಕ್ರಾಂತಿಗೆ ಬೇಕು. ಪುಟ್ಟ ಡಬ್ಬಿಯಲ್ಲಿ ಬಣ್ಣದ ಆಟದ ಹಿಟ್ಟು ಕೊಡುವವರಿಗೂ ಒಂದು ಮಾತು. ಪ್ಲೇ-ಡೋನಲ್ಲಿ ಗೋಧಿ ಇದೆ, ಮನೆಯಲ್ಲಿ ಮಾಡಿದರೆ ಮೈದಾ. ಗೋಧಿ ಅಲರ್ಜಿಯ ಮಗು ಅದನ್ನು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಕೈಗೆ ಸ್ಯಾನಿಟೈಸರ್ ಹಾಕಿದರೆ ರೋಗಾಣು ಸಾಯಬಹುದು, ಅಲರ್ಜಿಯ ಪ್ರೋಟೀನ್ ಅಲ್ಲೇ ಇರುತ್ತದೆ. ಸೋಪು, ನೀರು ಬೇಕು.

ಕೊಬ್ಬರಿ ಮಿಠಾಯಿ ಮಾಡಿ. ಖಂಡಿತ ಮಾಡಿ. ಮಗಳು ಸ್ಕೂಲಿಂದ ಬಂದ ಮೇಲೆ ಮನೆಯಲ್ಲಿ ಕೊಡಿ.

ಕೊಬ್ಬರಿ ನಟ್ ಅಲ್ವಾ? (ಮೂವರು ಕೇಳಿದ್ದಾರೆ)

ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ತೆಂಗನ್ನು ನಟ್ಸ್ ಪಟ್ಟಿಯಿಂದ ತೆಗೆದಿದೆ. ಗೋಡಂಬಿ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ತೆಂಗು ತಿನ್ನುತ್ತಾರೆ. ಆದರೆ ತೆಂಗಿನದ್ದೇ ಅಲರ್ಜಿ ಇರುವ ಮಗುವಿಗೆ ಈಗ ದಪ್ಪಕ್ಷರದ ಎಚ್ಚರಿಕೆ ಸಿಗುವುದಿಲ್ಲ. ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಚೆನ್ನಾಗಿ ಹುರಿದರೆ ಅಲರ್ಜಿ ಅಂಶ ಸಾಯುತ್ತದಂತೆ?

ಕಡಲೆಕಾಯಿ ಹುರಿದರೆ ಇನ್ನೂ ಜಾಸ್ತಿ.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಚೂರು ಚೂರು ಕೊಟ್ಟರೆ ಅಭ್ಯಾಸವಾಗುತ್ತದೆ ಅಂತ ನಮ್ಮತ್ತೆ ಹೇಳುತ್ತಾರೆ. (ನ್ಯೂಜೆರ್ಸಿ)

ನಿಮ್ಮತ್ತೆ ಎಲ್ಲೋ ಅರ್ಧ ಸುದ್ದಿ ಕೇಳಿದ್ದಾರೆ. ಎಳೆ ಕೂಸುಗಳಿಗೆ ಬೇಗನೆ ಕಡಲೆಕಾಯಿ ಕೊಟ್ಟರೆ ಅಲರ್ಜಿ ಬರುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ ಅಂತ 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ತೋರಿಸಿತು. ಅಲರ್ಜಿ ಬಂದ ಮೇಲೆ ಕೊಡುವ ಚಿಕಿತ್ಸೆಯೂ ಇದೆ, ಆದರೆ ಅದು ಡಾಕ್ಟರ ಉಸ್ತುವಾರಿಯಲ್ಲಿ, ಮಿಲಿಗ್ರಾಂ ಅಳೆದು ಕೊಡುವಂಥದ್ದು. ಊರವರ ಮಕ್ಕಳ ಮೇಲೆ ಪಾರ್ಟಿಯಲ್ಲಿ ಮಾಡುವ ಪ್ರಯೋಗ ಅಲ್ಲ.

ಆನ್‌ಲೈನಿನಲ್ಲಿ ತಲೆಕೂದಲು ಕಳಿಸಿದರೆ ಅಲರ್ಜಿ ಪಟ್ಟಿ ಕೊಡುತ್ತಾರಂತೆ, ನಂಬಬಹುದಾ?

ಇದನ್ನು ಓದಿದಾಗಲೆಲ್ಲ ನನ್ನ ಬಿಪಿ ಏರುತ್ತದೆ. ಕೂದಲಿನಿಂದ ಆಹಾರದ ಅಲರ್ಜಿ ಪತ್ತೆಯಾಗುವುದಿಲ್ಲ. ಐಜಿಜಿ ಅನ್ನುವ ಪ್ರತಿಕಾಯ ಅಳೆಯುವ ರಕ್ತ ಪರೀಕ್ಷೆಯಿಂದಲೂ ಆಗುವುದಿಲ್ಲ. ಮಗು ಆ ಪದಾರ್ಥ ತಿಂದಿದೆ ಅನ್ನುವುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಈ ಪಟ್ಟಿ ಹಿಡಿದು ಹಾಲು, ಗೋಧಿ, ಮೊಟ್ಟೆ ಎಲ್ಲ ಬಿಡಿಸಿ, ಸೊರಗಿದ ಮಕ್ಕಳನ್ನು ನನ್ನ ಹತ್ತಿರ ಕರೆದುಕೊಂಡು ಬರುತ್ತಾರೆ. ಕೈ ಒತ್ತಿ, ಬೆನ್ನು ತಟ್ಟಿ ಅಲರ್ಜಿ "ತೆಗೆಯುವ" ಮಹಾನುಭಾವರೂ ಇದ್ದಾರೆ. ದುಡ್ಡು ಮಾತ್ರ ತೆಗೆಯುತ್ತಾರೆ.

ರೈಸ್ ಕ್ರಿಸ್ಪೀಸ್ ಮತ್ತು ಮಾರ್ಷ್‌ಮ್ಯಾಲೋ ಸೇರಿಸಿ ಹಾರ್ಟ್ ಮಾಡಿದರೆ ಎಲ್ಲರಿಗೂ ಆಗುತ್ತಲ್ಲ, ಅಕ್ಕಿ ತಾನೇ?

ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಯಿಂದ ತೆಗೆದ ಜೆಲಾಟಿನ್ ಇರುತ್ತದೆ, ಸಸ್ಯಾಹಾರಿ ಮನೆಯವರು ಗಮನಿಸಿ. ರೈಸ್ ಕ್ರಿಸ್ಪೀಸ್‌ನಲ್ಲಿ ಬಾರ್ಲಿಯ ಮಾಲ್ಟ್ ಇದೆ, ಸೀಲಿಯಾಕ್ (ಗೋಧಿ, ಬಾರ್ಲಿಯ ಗ್ಲುಟೆನ್ ಆಗದ ಕಾಯಿಲೆ) ಇರುವ ಮಗುವಿಗೆ ಆಗದು. ಬಾರ್ಲಿ ಆ ಒಂಬತ್ತರಲ್ಲಿ ಇಲ್ಲ, ಅದಕ್ಕೇ ಕಣ್ತಪ್ಪುತ್ತದೆ.

ಕೆಂಪು ಬಣ್ಣ ವಿಷವಂತೆ, ಹೌದಾ?

ರೆಡ್ 3 ಅನ್ನುವ ಬಣ್ಣಕ್ಕೆ ಕೊಟ್ಟಿದ್ದ ಅನುಮತಿಯನ್ನು ಎಫ್‌ಡಿಎ 2025ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ತಿಂಡಿ ಕಂಪನಿಗಳಿಗೆ 2027ರ ಜನವರಿವರೆಗೆ ಗಡುವು. ಅದಕ್ಕಾಗಿ ಇಡೀ ಹಬ್ಬಕ್ಕೇ ಹೆದರಬೇಕಿಲ್ಲ, ಲೇಬಲ್ ನೋಡಿ. ಕಾರ್ಮೈನ್ ಅಂತ ಬರೆದಿದ್ದರೆ ಅದು ಒಂದು ಹುಳುವಿನಿಂದ ತೆಗೆದ ಕೆಂಪು.

ಪ್ರೀಸ್ಕೂಲ್ ಮಕ್ಕಳಿಗೆ ಆ ಗಟ್ಟಿ ಹಾರ್ಟ್ ಕ್ಯಾಂಡಿ ಕೊಡಬಹುದಾ?

ನಾಲ್ಕು ವರ್ಷದೊಳಗಿನವರಿಗೆ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ನಟ್ಸ್ ಕೂಡ ಬೇಡ.

ರಿಯಾಕ್ಷನ್ ಆದರೆ ಬೆನಡ್ರಿಲ್ ಕೊಟ್ಟು ನೋಡಿದರೆ ಸಾಕಾ?

ಸಾಲದು. ಉಸಿರು ಕಟ್ಟಿದರೆ, ದನಿ ಬದಲಾದರೆ, ದದ್ದಿನ ಜೊತೆ ವಾಂತಿಯಾದರೆ ಮೊದಲು ಎಪಿನೆಫ್ರಿನ್ ಚುಚ್ಚುಮದ್ದು, ಆಮೇಲೆ 911ಕ್ಕೆ ಫೋನ್. ಬೆನಡ್ರಿಲ್ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಸೂಜಿಗೆ ಹೆದರುವವರಿಗೆ ಮೂಗಿಗೆ ಹೊಡೆಯುವ ಸ್ಪ್ರೇಗೂ 2024ರಲ್ಲಿ ಅನುಮತಿ ಸಿಕ್ಕಿದೆ. ನಿಮ್ಮ ಮಗುವಿಗೆ ಅಲರ್ಜಿ ಇದ್ದರೆ ಅದು ಸ್ಕೂಲ್ ನರ್ಸ್ ಹತ್ತಿರ ಇದೆಯಾ, ಡೇಟ್ ಮುಗಿದಿಲ್ಲವಾ, ಪಾರ್ಟಿಗೆ ಮುಂಚೆ ನೋಡಿ.

ಟೀಚರ್ ಹೆಸರಿನ ಪಟ್ಟಿ ಕಳಿಸಿದ್ದಾರೆ. ಮಗ ಒಬ್ಬ ಹುಡುಗನಿಗೆ ಮಾತ್ರ ಕಾರ್ಡ್ ಕೊಡಲ್ಲ ಅಂತ ಹಠ ಮಾಡುತ್ತಿದ್ದಾನೆ. ಬಿಡಬಹುದಾ?

ಪಟ್ಟಿ ಕಳಿಸಿದ್ದೇ ಎಲ್ಲರಿಗೂ ಕೊಡಲಿ ಅಂತ. ಕೊಡಿಸಿ. ಜಗಳದ ಪಂಚಾಯಿತಿ ಅಲರ್ಜಿ ಡಾಕ್ಟರ ಕೆಲಸ ಅಲ್ಲ.