ಸ್ಟಾರ್ಟ್ ಕಮಾಂಡ್‌ಗೆ ಲಿಂಕ್ ಅಂಟಿಸಬೇಡ ತಮ್ಮಾ

ತಮ್ಮಾ, ನೀನು ಹಾಕಿದ ಪೈಥಾನ್ ಕೋಡ್‌ನ ಫೋಟೊ ನೋಡಿದೆ. ಬಟನ್ ಒತ್ತಿದರೆ ಯಾದಗಿರಿಯ ತೊಗರಿ ದರ ಬರಬೇಕು, ಪುಟವೇನೋ ತೆರೆಯುತ್ತದೆ, ಆದರೆ ಬೇರೆ ಜಿಲ್ಲೆ ತೋರಿಸುತ್ತದೆ ಅಂದಿದ್ದೀಯ. ವಿಂಡೋಸ್‌ಗೆ ಕಮಾಂಡ್ ಕಳಿಸುವ ಓಎಸ್ ಡಾಟ್ ಸಿಸ್ಟಮ್ ಒಳಗೆ "ಸ್ಟಾರ್ಟ್" ಅಂತ ಬರೆದು ಪಕ್ಕದಲ್ಲಿ ಲಿಂಕ್ ಕೂಡಿಸಿದ್ದೀಯಲ್ಲ, ರೋಗ ಇರುವುದು ಅಲ್ಲೇ. ಮೇಲೆ ಮೂವರು "ನೆಟ್ ಸ್ಲೋ ಇರಬೇಕು", "ಕ್ಯಾಶ್ ಕ್ಲಿಯರ್ ಮಾಡು" ಅಂತ ಹೇಳಿದ್ದಾರೆ. ಕ್ಯಾಶ್ ಅಂದರೆ ಬ್ರೌಸರ್ ಕೂಡಿಟ್ಟುಕೊಂಡ ಹಳೇ ಪುಟಗಳು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕೋಡ್ ಓದದೆ ಉತ್ತರ ಹಾಕುವುದು ಬಿಡ್ರಪ್ಪಾ.

ಇದೇ ತಪ್ಪು ನಾನೂ ಮಾಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಮ್ಮ ಸೋದರಮಾವನದು ಕಲಬುರಗಿ ಗಂಜ್‌ನಲ್ಲಿ ಅಡತ್ ಅಂಗಡಿ, ಅಂದರೆ ಧಾನ್ಯದ ದಲಾಲಿ ವ್ಯಾಪಾರ. ದಿನಾ ಬೆಳಿಗ್ಗೆ ತೊಗರಿ ದರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು. ನಾನು ಆಗ ತಾನೇ ಪೈಥಾನ್ ಕಲಿತ ಹುಮ್ಮಸ್ಸಿನಲ್ಲಿದ್ದೆ. ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡಲು ಇರುವ ಟಿಕಿಂಟರ್‌ನಲ್ಲಿ ಒಂದು ಬಟನ್ ಮಾಡಿಕೊಟ್ಟೆ. ಒತ್ತಿದರೆ ಪುಟ ತೆರೆಯುತ್ತಿತ್ತು, ಹುಡುಗ ಪ್ರಿಂಟ್ ಹೊಡೆಯುತ್ತಿದ್ದ. ಆರು ದಿನ ಎಲ್ಲರೂ ಖುಷಿ. ಏಳನೇ ದಿನ ಮಾವ ಫೋನ್ ಮಾಡಿ, "ಏನೋ, ನಮ್ಮ ಗಂಜ್‌ನಲ್ಲಿ ಯಾರೂ ಕೇಳದ ದರ ನಿನ್ನ ಹಾಳೆಯಲ್ಲಿ ಹೇಗೆ ಬಂತು?" ಅಂದರು. ಹೋಗಿ ನೋಡಿದರೆ ಹಾಳೆಯ ಮೇಲೆ ಸಣ್ಣಕ್ಕೆ ಬಾಗಲಕೋಟೆ ಅಂತ ಇತ್ತು! ಜಿಲ್ಲೆಗಳ ಪಟ್ಟಿಯಲ್ಲಿ ಮೊದಲನೇ ಹೆಸರು ಅದೇ ಅಲ್ವಾ, ಏನೂ ಆರಿಸದಿದ್ದರೆ ಅದೇ ಬರುತ್ತಿತ್ತು. ಆರು ದಿನ ಬಾಗಲಕೋಟೆ ದರ ಕಲಬುರಗಿ ಗೋಡೆ ಮೇಲೆ. ಬೆಳೆ ತೊಗರಿಯೇ ಆಗಿತ್ತು, ದರವೂ ತೀರಾ ಬೇರೆ ಇರಲಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕಾರಣ ಇಷ್ಟೇ. ಲಿಂಕ್‌ನಲ್ಲಿ ಬೆಳೆ, ಆಮೇಲೆ & ಚಿಹ್ನೆ, ಆಮೇಲೆ ಜಿಲ್ಲೆ. ವಿಂಡೋಸ್‌ನ ಕಪ್ಪು ಕಿಟಕಿಗೆ (ಕಮಾಂಡ್ ಪ್ರಾಂಪ್ಟ್) & ಅಂದರೆ "ಒಂದು ಕಮಾಂಡ್ ಮುಗಿಯಿತು, ಇನ್ನೊಂದು ಶುರು" ಅಂತ ಅರ್ಥ. ಹಾಗಾಗಿ & ತನಕದ ಲಿಂಕ್ ಬ್ರೌಸರ್‌ಗೆ ಹೋಗುತ್ತದೆ. ಉಳಿದದ್ದನ್ನು ಅದು ಕಮಾಂಡ್ ಅಂದುಕೊಂಡು ಓಡಿಸಲು ನೋಡುತ್ತದೆ, ಅಂಥ ಕಮಾಂಡ್ ಇಲ್ಲ ಅಂತ ಬೈದು ಮುಚ್ಚಿಕೊಳ್ಳುತ್ತದೆ. ಬಟನ್ ಒತ್ತಿದಾಗ ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದಲ್ಲ, ನಿನಗೂ ಕಂಡಿರಬೇಕು. ಆ ಬೈಗುಳ ಅದರಲ್ಲೇ ಇತ್ತು. ನಾನು ಅದನ್ನು "ವಿಂಡೋಸ್ ಅಂದರೆ ಹೀಗೇ" ಅಂತ ಬಿಟ್ಟಿದ್ದೆ.

ಈಗ ಯಾರಾದರೂ ಬಂದು ಲಿಂಕ್‌ಗೆ ಡಬಲ್ ಕೋಟ್ ಹಾಕು ಅಂತಾರೆ. ಹಾಕಿ ನೋಡು. ಪುಟ ತೆರೆಯುವುದೇ ಇಲ್ಲ, ಖಾಲಿ ಕಪ್ಪು ಕಿಟಕಿ ಬರುತ್ತದೆ. ಸ್ಟಾರ್ಟ್ ಕಮಾಂಡ್ ಕೋಟ್ ಹಾಕಿದ ಮೊದಲನೇ ಮಾತನ್ನು ಕಿಟಕಿಯ ಟೈಟಲ್ ಅಂದುಕೊಳ್ಳುತ್ತದೆ. ಲಿಂಕ್‌ಗೆ ಮೊದಲು ಒಂದು ಖಾಲಿ ಕೋಟ್ ಜೋಡಿ ಇಟ್ಟರೆ ನಡೆಯುತ್ತದೆ, ಆದರೆ ಕಮಾಂಡ್‌ಗಳನ್ನು ಬರೆದಿಡುವ ಬ್ಯಾಚ್ ಫೈಲ್‌ಗೆ ಹೋದರೆ % ಚಿಹ್ನೆಯ ಕಾಟ ಬೇರೆ. ಈ ತೇಪೆ ಕೆಲಸ ಯಾಕೆ ಬೇಕು?

ವೆಬ್‌ಬ್ರೌಸರ್ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ, ಪಿಪ್‌ನಿಂದ ಬೇರೆ ಇನ್‌ಸ್ಟಾಲ್ ಮಾಡುವುದು ಬೇಡ. ಅದನ್ನು ಇಂಪೋರ್ಟ್ ಮಾಡಿ ಓಪನ್‌ಗೆ ಲಿಂಕ್ ಕೊಡು, ಮುಗಿಯಿತು. ನಡುವೆ ಕಪ್ಪು ಕಿಟಕಿ ಇಲ್ಲ, ಹಾಗಾಗಿ & ತುಂಡಾಗುವ ಮಾತೇ ಇಲ್ಲ. ಹೊಸ ಟ್ಯಾಬ್ ಬೇಕಾದರೆ ನ್ಯೂ ಅನ್ನುವುದಕ್ಕೆ 2 ಕೊಡು, ಹೊಸ ಕಿಟಕಿಗೆ 1. ಮಾಡ್ಯೂಲ್ ನಿನ್ನ ಮಷಿನ್‌ನಲ್ಲಿ ನಡೆಯುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಬೇಕಾ? ಪೈಥಾನ್ ಶೆಲ್‌ನಲ್ಲಿ ಇಂಪೋರ್ಟ್ ಆಂಟಿಗ್ರಾವಿಟಿ ಅಂತ ಹೊಡೆ. ಬ್ರೌಸರ್‌ನಲ್ಲಿ ಒಂದು ಕಾರ್ಟೂನ್ ಪುಟ ತೆರೆದರೆ ಎಲ್ಲ ಸರಿ ಇದೆ ಅಂತ. ತಮಾಷೆಗೆ ಇಟ್ಟದ್ದು, ನಾನು ಮಾತ್ರ ಅದನ್ನು ಟೆಸ್ಟರ್ ಹಾಗೆ ಬಳಸುತ್ತೇನೆ.

ಒಂದು ಮಾತು. ನಿನ್ನ ಫೈಲ್‌ಗೆ ವೆಬ್‌ಬ್ರೌಸರ್ ಅಂತಲೇ ಹೆಸರಿಡಬೇಡ. ಇಟ್ಟರೆ ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿನ್ನ ಫೈಲನ್ನೇ ಇಂಪೋರ್ಟ್ ಮಾಡುತ್ತದೆ, ಓಪನ್ ಅನ್ನುವುದೇ ಇಲ್ಲ ಅಂತ ಎರರ್ ಕೊಡುತ್ತದೆ. ನಗಬೇಡ, ನನಗೆ ಒಂದು ಸಂಜೆ ಹೋಗಿದೆ ಇದಕ್ಕೆ.

ಇನ್ನೊಂದು ತಪ್ಪು ನಿನ್ನ ಎರಡನೇ ಫೋಟೊದಲ್ಲಿದೆ. ಜಿಲ್ಲೆಯ ಹೆಸರು ಕನ್ನಡದಲ್ಲಿದೆ ಅಂತ ಇಡೀ ಲಿಂಕನ್ನು, ಅಕ್ಷರಗಳನ್ನು % ಸಂಕೇತಕ್ಕೆ ತಿರುಗಿಸುವ ಕೋಟ್ ಫಂಕ್ಷನ್‌ಗೆ ಹಾಕಿದ್ದೀಯ. ಅದು ಮೊದಲ ಕೋಲನ್‌ನಿಂದ ಹಿಡಿದು ಪ್ರಶ್ನೆ ಚಿಹ್ನೆ, & ಎಲ್ಲವನ್ನೂ ಬದಲಾಯಿಸಿಬಿಡುತ್ತದೆ. ಆಮೇಲೆ ಅದು ಲಿಂಕೇ ಅಲ್ಲ. ಬೆಳೆ, ಜಿಲ್ಲೆ, ತಾಲೂಕು ಮೂರನ್ನೂ ಪೈಥಾನ್ ಡಿಕ್ಷನರಿಯಲ್ಲಿ (ಹೆಸರು ಮತ್ತು ಅದರ ಮೌಲ್ಯದ ಜೋಡಿಗಳು) ಇಟ್ಟು ಯುಆರ್‌ಎಲ್‌ಎನ್‌ಕೋಡ್‌ಗೆ ಕೊಡು, ಬಂದದ್ದನ್ನು ಪ್ರಶ್ನೆ ಚಿಹ್ನೆ ಆದಮೇಲೆ ಜೋಡಿಸು. ಲಿಂಕ್ ಉದ್ದ ಆಯಿತು ಅಂತ ಗಾಬರಿ ಬೇಡ. ನಮ್ಮ ಒಂದೊಂದು ಅಕ್ಷರವೂ, ಅದಕ್ಕೆ ಸೇರುವ ಕೊಂಬು, ಗುಡಿಸಿನಂಥ ಒಂದೊಂದು ಗುರುತೂ, ಬೇರೆ ಬೇರೆಯಾಗಿ ಅಲ್ಲಿ 9 ಚಿಹ್ನೆ ಆಗುತ್ತದೆ. ಕಲಬುರಗಿ ಅನ್ನುವುದೇ 63 ಆಗುತ್ತದೆ. ಒಂದೇ ಸಲ ಮಾಡು, ಎರಡು ಸಲ ಎನ್‌ಕೋಡ್ ಮಾಡಿದರೆ % ಕೂಡ ಎನ್‌ಕೋಡ್ ಆಗಿ ಮತ್ತೆ ಬಾಗಲಕೋಟೆಗೇ ಹೋಗುತ್ತೀಯ.

ಕ್ರೋಮ್‌ನಲ್ಲೇ ತೆರೆಯಬೇಕು ಅಂತ ಹಟ ಯಾಕೆ? ವೆಬ್‌ಬ್ರೌಸರ್ ಮಾಡ್ಯೂಲ್‌ನ ಗೆಟ್‌ಗೆ ಕ್ರೋಮ್ ಅಂತ ಕೊಟ್ಟರೆ ವಿಂಡೋಸ್‌ನಲ್ಲಿ ಬಹಳ ಸಲ ಸಿಗುವುದಿಲ್ಲ, ವಿಂಡೋಸ್ ಪ್ರೋಗ್ರಾಮ್ ಹುಡುಕುವ ಜಾಗಗಳ ಪಟ್ಟಿಯಲ್ಲಿ, ಅಂದರೆ ಪಾತ್‌ನಲ್ಲಿ, ಇರುವುದಿಲ್ಲ ಅದು. ಬೇಕೇ ಬೇಕು ಅಂದರೆ ಕ್ರೋಮ್ ಫೈಲ್ ಇರುವ ಪೂರ್ತಿ ವಿಳಾಸ ಕೊಟ್ಟು ರಿಜಿಸ್ಟರ್ ಮಾಡು. ಬ್ಯಾಕ್‌ಗ್ರೌಂಡ್‌ಬ್ರೌಸರ್ ಅಂತ ಕೊಡು, ಜೆನೆರಿಕ್‌ಬ್ರೌಸರ್ ಬೇಡ. ಜೆನೆರಿಕ್ ಆದರೆ ನಿನ್ನ ಬಟನ್ ಅಲ್ಲೇ ಕಾಯುತ್ತ ಕೂರುತ್ತದೆ. ನಾನಂತೂ ಫೈರ್‌ಫಾಕ್ಸ್ ಮನುಷ್ಯ, ಆದರೆ ಮಾವನ ಮಷಿನ್‌ನಲ್ಲಿ ಡೀಫಾಲ್ಟ್ ಏನಿದೆಯೋ ಅದಕ್ಕೇ ಬಿಟ್ಟಿದ್ದೇನೆ. ಬೇರೆಯವರ ಕಂಪ್ಯೂಟರ್‌ನಲ್ಲಿ ನಮ್ಮ ಇಷ್ಟ ಹೇರಬಾರದು.

"ಎಲ್ಲ ತಾಲೂಕು ಒಂದೇ ಸಲ" ಅನ್ನುವ ಬಟನ್ ಇದೆಯಲ್ಲ, ತೆಗೆದುಬಿಡು. ಕಲಬುರಗಿಯ 11, ಬೀದರಿನ 8, ನಿಮ್ಮ ಯಾದಗಿರಿಯ 6, ಒಟ್ಟು 25 ಟ್ಯಾಬ್. ನಾನು ಲೂಪ್‌ನಲ್ಲಿ ಒಮ್ಮೆ ಹೀಗೆ ಮಾಡಿ 4 ಜಿಬಿ ಮಷಿನ್ ಮಲಗಿಸಿದ್ದೆ. ಮೇ ತಿಂಗಳ ಬಿಸಿಲು ಬೇರೆ, ಫ್ಯಾನ್ ಸದ್ದು ಕೇಳಿ ಮಾವ ಸ್ವಿಚ್ ಆಫ್ ಮಾಡಿದರು. ಬೇಕೇ ಬೇಕಾದರೆ ನಡುವೆ ಎರಡು ಸೆಕೆಂಡ್ ಸ್ಲೀಪ್ ಹಾಕು, ಐದೈದರಂತೆ ತೆರೆ. ಆ ಕಡೆಯ ಸರ್ವರ್ ಮೇಲೂ ಸ್ವಲ್ಪ ಕರುಣೆ ಇರಲಿ.

ಮುಂದೆ ಪೈಥಾನ್‌ನಲ್ಲೇ ವೆಬ್‌ಸೈಟ್ ಮಾಡುವ ಫ್ಲಾಸ್ಕ್‌ಗೆ ಹೋಗುತ್ತೇನೆ ಅಂದಿದ್ದೀಯ. ಡೀಬಗ್ ಆನ್ ಇದ್ದರೆ ಪುಟ ಎರಡು ಸಲ ತೆರೆಯುತ್ತದೆ, ಕೋಡ್ ಬದಲಾದಾಗ ತಾನೇ ಮತ್ತೆ ಶುರು ಮಾಡುವ ರೀಲೋಡರ್ ಪ್ರೋಗ್ರಾಮನ್ನು ಎರಡು ಸಲ ಓಡಿಸುತ್ತದೆ. ಮತ್ತೆ ವೆಬ್‌ಬ್ರೌಸರ್ ಮಾಡ್ಯೂಲ್ ಪುಟ ತೆರೆಯುವುದು ಪ್ರೋಗ್ರಾಮ್ ಓಡುವ ಮಷಿನ್‌ನಲ್ಲಿ, ಮೊಬೈಲ್‌ನಿಂದ ಬಟನ್ ಒತ್ತಿದವರ ಹತ್ತಿರ ಅಲ್ಲ. ಅಲ್ಲಿ ಸುಮ್ನೆ ಸಾದಾ ಲಿಂಕ್ ಹಾಕಿದರೆ ಸಾಕು.

ಯಾರೋ ಟೈಪ್ ಮಾಡಿದ್ದನ್ನು ಹಾಗೇ ಓಪನ್‌ಗೆ ಕೊಡಬೇಡ. ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್‌ನಿಂದ ಶುರುವಾಗುತ್ತದಾ ನೋಡು. ವಿಂಡೋಸ್‌ನಲ್ಲಿ ಲಿಂಕ್ ಬದಲು ಫೈಲ್ ಪಾತ್ ಕೊಟ್ಟರೆ ಆ ಫೈಲೇ ಓಡಿಬಿಡಬಹುದು. ನಿನ್ನ ಹಳೇ ಓಎಸ್ ಡಾಟ್ ಸಿಸ್ಟಮ್‌ನಲ್ಲಂತೂ & ಆದಮೇಲೆ ಯಾರು ಏನು ಬರೆದರೂ ಕಮಾಂಡ್ ಆಗಿ ಓಡುತ್ತದೆ.

ಇಷ್ಟು ಮಾಡಿದ ಮೇಲೂ ಬೀದರ್ ಒಂದೇ ಬರುತ್ತಿಲ್ಲ ಅಂದರೆ ಹೆಸರಿನ ಕೊನೆ ನೋಡು. ಕನ್ನಡ ಟೈಪ್ ಮಾಡುವಾಗ ಅರ್ಧಾಕ್ಷರ ಆದಮೇಲೆ ಕೆಲವು ಸಲ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳುತ್ತದೆ, ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಹಾಕಿದರೂ ಹೋಗುವುದಿಲ್ಲ. ಲೆನ್ ಹಾಕಿ ಎಣಿಸು. ಬೀದರ್ 5 ಬರಬೇಕು, 6 ಬಂದರೆ ಅದೇ ಕಳ್ಳ, ರೀಪ್ಲೇಸ್‌ನಿಂದ ತೆಗೆ. ತೆರೆಯುವ ಮುಂಚೆ ಲಿಂಕನ್ನು ಪೈಥಾನ್‌ನ ಪ್ರಿಂಟ್‌ನಿಂದ ಪರದೆ ಮೇಲೆ ತೋರಿಸಿ ಇಲ್ಲಿ ಹಾಕು. ಫೋಟೊ ಬೇಡ, ಟೆಕ್ಸ್ಟ್ ಆಗಿ ಹಾಕು. ಫೋಟೊದಲ್ಲಿ ಆ ಕಳ್ಳ ನನಗೂ ಕಾಣುವುದಿಲ್ಲ.