ಸಂಪಾದಕರ ಉತ್ತರ: ವಿಲ್ಸನ್ನರ ಸೋಲಿನಲ್ಲಿ ವಿಲ್ಸನ್ನರ ಪಾಲು

ಮಾನ್ಯರೇ,

ಮೊದಲ ಮಹಾಯುದ್ಧದ ನಂತರ ಯುದ್ಧಗಳನ್ನು ತಡೆಯಲೆಂದು ಹುಟ್ಟಿದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಶಾಂತಿಗಾಗಿ ತಮ್ಮ ಆರೋಗ್ಯವನ್ನೇ ಪಣಕ್ಕಿಟ್ಟರು, ಎದುರಾಳಿ ರಿಪಬ್ಲಿಕನ್ ಪಕ್ಷದ ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಅವರ ಹಗೆತನವೇ, ಸಂಘದ ಒಡಂಬಡಿಕೆಯನ್ನೂ ಒಳಗೊಂಡಿದ್ದ ವರ್ಸೇಲ್ಸ್ ಶಾಂತಿ ಒಪ್ಪಂದವನ್ನು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಮುಳುಗಿಸಿತು, ಹೀಗಿರುವಾಗ ಸೋಲಿನ ಹೊಣೆಯನ್ನು ವಿಲ್ಸನ್ನರ ಮೇಲೂ ಹೊರಿಸಿದ್ದು ಅನ್ಯಾಯ ಎಂಬುದು ತಮ್ಮ ಆಕ್ಷೇಪ. ಅವರು ಮಾಡಿದ ತ್ಯಾಗದ ಬಗ್ಗೆ ನನಗೆ ಎರಡು ಮಾತಿಲ್ಲ. ಹೊಣೆಯ ವಿಷಯದಲ್ಲಿ ಮಾತ್ರ ನಾನು ನಮ್ಮ ಲೇಖಕರ ಜೊತೆಗೇ ನಿಲ್ಲಬೇಕಾಗಿದೆ.

1919ರ ಜುಲೈ 10ರಂದು ವಿಲ್ಸನ್ ಒಪ್ಪಂದವನ್ನು ಸೆನೆಟ್ಟಿನ ಮುಂದಿಟ್ಟರು. ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕಿತ್ತು. ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಲಾಡ್ಜ್, ಇಡೀ ಒಪ್ಪಂದವನ್ನು ಗಟ್ಟಿಯಾಗಿ ಓದುತ್ತಲೇ ಎರಡು ವಾರ ಕಳೆದರು. ಇನ್ನು ಜನರ ಬಳಿಗೇ ಹೋಗಬೇಕೆಂದು ನಿಶ್ಚಯಿಸಿದ ವಿಲ್ಸನ್, ವೈದ್ಯರು ಬೇಡವೆಂದರೂ ಕೇಳದೆ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನಿಂದ ರೈಲು ಹತ್ತಿದರು. ಮೂರು ವಾರಗಳಲ್ಲಿ ಸುಮಾರು 8,000 ಮೈಲಿ, ಸುಮಾರು 40 ಭಾಷಣ. ಜೊತೆಗೆ ಬಿಡದೆ ಕಾಡುತ್ತಿದ್ದ ತಲೆನೋವು. ರಾಷ್ಟ್ರಗಳೆಲ್ಲ ಒಂದಾಗಿ ಯುದ್ಧವನ್ನು ತಡೆಯುವ ದಾರಿ ಕಂಡುಕೊಳ್ಳದಿದ್ದರೆ ಇನ್ನೊಂದು ತಲೆಮಾರಿನೊಳಗೆ ಮತ್ತೊಂದು ಮಹಾಯುದ್ಧ ನಿಶ್ಚಿತ ಎಂದು ಅವರು ಒಮಾಹಾದಲ್ಲಿ ಎಚ್ಚರಿಸಿದರು. ಸೆಪ್ಟೆಂಬರ್ 25ರಂದು ಕೊಲೊರಾಡೋದ ಪ್ವೆಬ್ಲೋದಲ್ಲಿ, ಫ್ರಾನ್ಸಿನಲ್ಲಿ ಮಡಿದ ಸೈನಿಕರ ತಾಯಂದಿರು ತಮ್ಮ ಕೈ ಹಿಡಿದು ಕಣ್ಣೀರಿಟ್ಟು ಹರಸಿದ್ದನ್ನು ಹೇಳಿದರು. ಆ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದವರು ತಾವೇ ಎಂಬ ಅರಿವು ಆ ಭಾಷಣದ ಉದ್ದಕ್ಕೂ ಇದೆ, ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. ಆ ರಾತ್ರಿಯೇ ಅವರು ಕುಸಿದರು. ಅಕ್ಟೋಬರ್ 2ರಂದು ಬಡಿದ ಪಾರ್ಶ್ವವಾಯು ಅವರ ಎಡಭಾಗದ ಸ್ವಾಧೀನವನ್ನು ಕಸಿದುಕೊಂಡಿತು.

ಆದರೆ ಚಪ್ಪಾಳೆ ತಟ್ಟಿದ ಆ ಜನರಿಗೆ ಸೆನೆಟ್ಟಿನಲ್ಲಿ ಮತವಿರಲಿಲ್ಲ. ಒಪ್ಪಂದವೇ ಬೇಡವೆಂದು ಹಟ ಹಿಡಿದ ಸದಸ್ಯರು ಕೆಲವರಷ್ಟೇ. ರಿಪಬ್ಲಿಕನ್ ಪಕ್ಷದ ಬಹುಪಾಲು ಜನ ಷರತ್ತುಗಳೊಂದಿಗೆ ಒಪ್ಪಲು ಸಿದ್ಧರಿದ್ದರು. ಮುಖ್ಯ ತಕರಾರು ಇದ್ದದ್ದು ಸದಸ್ಯ ರಾಷ್ಟ್ರಗಳ ಗಡಿಗಳನ್ನು ಆಕ್ರಮಣದಿಂದ ಕಾಯಬೇಕೆಂಬ 10ನೇ ವಿಧಿಯ ಬಗ್ಗೆ. ಅಮೆರಿಕದ ಕಾಂಗ್ರೆಸ್ (ಸಂಸತ್ತು) ಒಪ್ಪದ ಹೊರತು ಈ ಹೊಣೆ ನಮಗಿಲ್ಲ ಎಂಬುದು ಲಾಡ್ಜ್ ಅವರ ಷರತ್ತು. ಯುದ್ಧ ಸಾರುವ ಅಧಿಕಾರ ಸಂವಿಧಾನದ ಪ್ರಕಾರ ಹೇಗೂ ಕಾಂಗ್ರೆಸ್ಸಿನದೇ ಆಗಿದ್ದುದರಿಂದ, ಆ ಷರತ್ತಿನಿಂದ ಒಪ್ಪಂದಕ್ಕೆ ಪ್ರಾಣಾಪಾಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಲ್ಸನ್ನರಿಗೆ ಮಾತ್ರ ಅದು ಒಪ್ಪಂದದ ಗುಂಡಿಗೆಯನ್ನೇ ಕಿತ್ತಂತೆ ಕಂಡಿತು. ಷರತ್ತು ಸೇರಿಸಿದ ಒಪ್ಪಂದಕ್ಕೆ ಮತ ಹಾಕಬೇಡಿರೆಂದು ರೋಗಶಯ್ಯೆಯಿಂದಲೇ ತಮ್ಮ ಪಕ್ಷದವರಿಗೆ ತಿಳಿಸಿದರು.

ನವೆಂಬರ್ 19ರ ಮತದಾನದಲ್ಲಿ ಒಪ್ಪಂದ ಷರತ್ತಿನೊಂದಿಗೂ ಸೋತಿತು, ಷರತ್ತಿಲ್ಲದೆಯೂ ಸೋತಿತು. ತಾವು ದಯವಿಟ್ಟು ಗಮನಿಸಬೇಕಾದದ್ದು 1920ರ ಮಾರ್ಚ್ 19ರ ಲೆಕ್ಕವನ್ನು. ಅಂದು ಷರತ್ತುಸಹಿತ ಒಪ್ಪಂದದ ಪರವಾಗಿ 49 ಮತ, ವಿರುದ್ಧವಾಗಿ 35 ಮತ ಬಿದ್ದವು, ಬೇಕಿದ್ದದ್ದು 56. ಆ 35ರಲ್ಲಿ 23 ಮತಗಳು ವಿಲ್ಸನ್ನರ ಡೆಮಾಕ್ರಟಿಕ್ ಪಕ್ಷದವೇ. ಅದೇ ಪಕ್ಷದ 21 ಸದಸ್ಯರು ವಿಲ್ಸನ್ನರ ಮಾತು ಮೀರಿ ಪರವಾಗಿ ನಿಂತರು. ಇನ್ನು ಏಳು ಜನ ಅವರೊಂದಿಗೆ ಸೇರಿದ್ದರೆ ಅಮೆರಿಕ ರಾಷ್ಟ್ರಸಂಘದೊಳಗೆ ಇರುತ್ತಿತ್ತು. ಲಾಡ್ಜ್ ಅವರ ಹಗೆತನ ಎಷ್ಟೇ ದೊಡ್ಡದಿದ್ದರೂ ಈ 23 ಮತಗಳನ್ನು ಅವರ ಖಾತೆಗೆ ಬರೆಯಲಾಗದು.

ಅದಕ್ಕೂ ಮೊದಲು, ಒಪ್ಪಂದ ರೂಪುಗೊಂಡ ಪ್ಯಾರಿಸ್ಸಿನ ಸಂಧಾನದಲ್ಲೂ ವಿಲ್ಸನ್ ಎಡವಿದ್ದರು. 1918ರ ನವೆಂಬರಿನ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎರಡೂ ಸದನಗಳು ರಿಪಬ್ಲಿಕನ್ನರ ಪಾಲಾದ ಮೇಲೂ ಆ ಪಕ್ಷದ ಒಬ್ಬ ಸೆನೆಟರನ್ನೂ ಅವರು ಸಂಧಾನಕ್ಕೆ ಕರೆದೊಯ್ಯಲಿಲ್ಲ. ಜನಾಂಗೀಯ ಸಮಾನತೆಯ ಮಾತನ್ನು ಸಂಘದ ಒಡಂಬಡಿಕೆಯಲ್ಲಿ ಸೇರಿಸಬೇಕೆಂಬ ಜಪಾನಿನ ಸೂಚನೆಗೆ 17ರಲ್ಲಿ 11 ಮತ ಬಂದಾಗ, ಸರ್ವಾನುಮತ ಬೇಕೆಂದು ಹೇಳಿ ಅದನ್ನು ತಳ್ಳಿದವರೂ ಅಧ್ಯಕ್ಷ ಪೀಠದಲ್ಲಿದ್ದ ವಿಲ್ಸನ್ನರೇ. ಭಾರತೀಯರಾದ ನಾವು ಇದನ್ನು ಮರೆಯುವಂತಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತಕ್ಕೆ ಆ ಸಂಘದಲ್ಲಿ ಸ್ಥಾನ ಸಿಕ್ಕಿತು, ಅದಕ್ಕಾಗಿ ಓಡಾಡಿದ ವಿಲ್ಸನ್ನರ ದೇಶಕ್ಕೆ ಇರಲಿಲ್ಲ.

ಹಾಗಾದರೆ ಆ ರೈಲುಯಾತ್ರೆ ವ್ಯರ್ಥವಾಯಿತೇ ಎಂದೂ ತಾವು ಕೇಳಿದ್ದೀರಿ. ಇಲ್ಲವೆಂದೇ ನಾನು ನಂಬಿದ್ದೇನೆ. ವಿಲ್ಸನ್ನರ ಸರ್ಕಾರದಲ್ಲಿ ನೌಕಾ ಇಲಾಖೆಯಲ್ಲಿದ್ದ, ಮುಂದೆ ತಾವೇ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಈ ಸೋಲನ್ನು ಹತ್ತಿರದಿಂದ ಕಂಡವರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದನ್ನು ರೂಪಿಸುವ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನದ ನಿಯೋಗಕ್ಕೆ ಅವರು ತಮ್ಮ ಪಕ್ಷದ ಸೆನೆಟರ್ ಟಾಮ್ ಕಾನಲಿ ಅವರ ಜೊತೆಗೆ ರಿಪಬ್ಲಿಕನ್ ಪಕ್ಷದ ಆರ್ಥರ್ ವ್ಯಾಂಡನ್‌ಬರ್ಗ್ ಅವರನ್ನೂ ಸೇರಿಸಿದರು. ಸಮ್ಮೇಳನ ಸೇರುವ ಮೊದಲೇ ರೂಸ್‌ವೆಲ್ಟ್ ತೀರಿಕೊಂಡಿದ್ದರು. ಜುಲೈ 28ರಂದು ಸೆನೆಟ್ ಆ ಸನ್ನದನ್ನು 89–2 ಮತಗಳಿಂದ ಅಂಗೀಕರಿಸಿತು.

— ಸಂಪಾದಕ