ಬಿಂದುಮಾಲಿನಿ ಅವರ ಹಾಡುಗಳನ್ನು ಎಲ್ಲಿಂದ ಕೇಳಲು ಶುರು ಮಾಡಲಿ?

‘ಬಿಂದುಮಾಲಿನಿ ನಾರಾಯಣಸ್ವಾಮಿ ಶಾಸ್ತ್ರೀಯ ಗಾಯಕಿಯಾ, ಸಿನಿಮಾದವರಾ, ಕಬೀರನ ಪದ ಹಾಡೋರಾ? ಹೀಗೆ ಎಲ್ಲವನ್ನೂ ಬೆರೆಸಿದರೆ ಆಳ ಉಳಿಯುತ್ತಾ?’ ಅಂತ ಕೇಳಿದ್ದೀರಿ. ಖಂಡಿತ ಉಳಿಯುತ್ತದೆ. ನಾನು ಹೊಸೂರಿನವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಮೂರೂ ನನಗೆ ಚೆನ್ನಾಗಿಯೇ ಬರುತ್ತವೆ. ಬೆರೆತದ್ದೆಲ್ಲ ತೆಳು ಅನ್ನುವ ಮಾತು ನಮ್ಮ ಕಡೆಯವರಿಗೆ ಒಪ್ಪಿಗೆ ಆಗೋದಿಲ್ಲ.

ಬಿಂದುಮಾಲಿನಿ ಕಲಿತ ದಾರಿ ನೋಡಿ. ಚೆನ್ನೈನ ಸಂಗೀತದ ಮನೆ, ತಾಯಿಯಿಂದಲೇ ಕರ್ನಾಟಕ ಸಂಗೀತದ ಪಾಠ. ಆಮೇಲೆ ಹಿಂದೂಸ್ತಾನಿ ಕಲಿತದ್ದು ಉಸ್ತಾದ್ ಅಬ್ದುಲ್ ರಶೀದ್ ಖಾನ್ ಅವರ ಹತ್ತಿರ. ನೂರು ವರ್ಷ ದಾಟಿದ ಮೇಲೂ ಹಾಡುತ್ತಿದ್ದ ಹಿರಿಯರು ಅವರು. ಒಂದರಿಂದ ಇನ್ನೊಂದಕ್ಕೆ ಹೋಗೋದು ಸುಮ್ನೆ ಅಲ್ಲ. ಕರ್ನಾಟಕ ಸಂಗೀತದ ತೋಡಿ ರಾಗದಲ್ಲಿ ಗಾಂಧಾರ, ಅಂದರೆ ‘ಗ’ ಸ್ವರ, ಗಮಕದಲ್ಲಿ (ಸ್ವರವನ್ನು ಅಲುಗಿಸಿ ಹಾಡುವ ರೀತಿಯಲ್ಲಿ) ತೂಗಾಡುತ್ತಲೇ ಇರುತ್ತದೆ. ಹಿಂದೂಸ್ತಾನಿಯ ಭೈರವಿ ರಾಗದಲ್ಲಿ ಅದೇ ಸ್ವರವನ್ನು ಅಲುಗಾಡಿಸದೆ ಹಿಡಿದು ನಿಲ್ಲಬೇಕು. ಚಿಕ್ಕಂದಿನಿಂದ ಬಂದ ಗಂಟಲಿನ ರೂಢಿಯನ್ನೇ ಬದಲಿಸಿಕೊಳ್ಳಬೇಕು. ಇಷ್ಟು ದುಡಿದವರು ಬೆರೆಸಿದಾಗ ಅದು ಕಲಬೆರಕೆ ಆಗೋದಿಲ್ಲ.

ಸಂಗೀತಗಾರ ವೇದಾಂತ್ ಭಾರದ್ವಾಜ್ ಜೊತೆ ಮಾಡಿದ ‘ಸುನೋ ಭಾಯಿ’ ಕಬೀರನ ಪದಗಳ ಆಲ್ಬಂ. ಕಬೀರನನ್ನು ಮಧ್ಯಪ್ರದೇಶದ ಮಾಳವಾದಲ್ಲಿ ಒಂದು ಧಾಟಿಯಲ್ಲಿ ಹಾಡುತ್ತಾರೆ, ರಾಜಸ್ಥಾನದಲ್ಲಿ ಇನ್ನೊಂದರಲ್ಲಿ. ರಾಗ ಇದೇ ಅಂತ ಕಟ್ಟುಪಾಡಿಲ್ಲ. ಹಾಡುವವರು ಮಾತಿನ ಒಳಗಿಂದಲೇ ದಾರಿ ಹುಡುಕಬೇಕು. ಬಿಂದುಮಾಲಿನಿ ಅವರ ಎಲ್ಲ ಕೆಲಸದಲ್ಲೂ ನನಗೆ ಕಾಣೋದು ಇದೇ: ಸಾಹಿತ್ಯ ಮುಂದೆ, ರಾಗ ಅದರ ಹಿಂದೆ.

ಇದೇ ಜೋಡಿ 2017ರಲ್ಲಿ ‘ಅರುವಿ’ ಅನ್ನುವ ತಮಿಳು ಚಿತ್ರಕ್ಕೆ ಸಂಗೀತ ಕೊಟ್ಟಿತು. ಮರುವರ್ಷ ಮಂಸೋರೆ ನಿರ್ದೇಶಿಸಿದ ಕನ್ನಡ ಚಿತ್ರ ‘ನಾತಿಚರಾಮಿ’ಗೆ ಬಿಂದುಮಾಲಿನಿ ಸಂಗೀತ ಮಾಡಿದರು. ಅದರ ‘ಮಾಯಾವಿ ಮನವೆ’ ಹಾಡಿಗೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ಜಾಸ್ತಿ ನನ್ನನ್ನು ಹಿಡಿದದ್ದು ಬೇರೆ. ಮನಸ್ಸನ್ನು ಕರೆದು ಮಾತಾಡಿಸೋದು ದಾಸರ ಕಾಲದಿಂದ ಬಂದ ರೂಢಿ, ಅಲ್ವಾ? ಇಲ್ಲಿ ಹಾಗೆ ಮಾತಾಡಿಸುತ್ತಿರುವುದು ಗಂಡನನ್ನು ಕಳೆದುಕೊಂಡ, ದೇಹದ ಬಯಕೆಯನ್ನು ಯಾರಿಗೂ ಹೇಳಲಾಗದ ಒಬ್ಬ ಹೆಂಗಸಿನ ಕಥೆಯೊಳಗೆ. ಹಳೆಯ ರೂಢಿಗೆ ಎಂಥ ಹೊಸ ಜಾಗ ಸಿಕ್ಕಿತು!

ಮೊದಲು ‘ಮಾಯಾವಿ ಮನವೆ’ ಕೇಳಿ, ಆಮೇಲೆ ಕಬೀರ್. ‘ಅರುವಿ’ಯನ್ನು ಮಾತ್ರ ಬಿಡಿ ಹಾಡುಗಳಾಗಿ ಕೇಳಬೇಡಿ. ತಮಿಳು ಬಾರದಿದ್ದರೂ ಪರವಾಗಿಲ್ಲ, ಸಿನಿಮಾವನ್ನೇ ನೋಡಿ.